ಮನೆಯ ನೀರಿನ ತೊಟ್ಟಿಗೆ ಯಾವ ಮೀನು?



ಮೀನು ಎಂದ ಕೂಡಲೇ ಕೆಲವರಿಗೆ ಊಟದ ತಟ್ಟೆ ನೆನಪಾಗುತ್ತದೆ. ಮಕ್ಕಳಿಗೆ ಗಾಜಿನ ಪೆಟ್ಟಿಗೆಯೊಳಗಿನ ಬಣ್ಣದ ಮೀನು ನೆನಪಾಗುತ್ತದೆ. ಈ ಹೊತ್ತು ನಾವು ಹೇಳಹೊರಟಿರುವುದು ಮೂರನೆಯ ಬಗೆಯ ಮೀನಿನ ಮಾತು. ಇದು ತಿನ್ನುವುದಕ್ಕಲ್ಲ, ಬರೀ ನೋಡುವುದಕ್ಕೂ ಅಲ್ಲ. ಮನೆಮಂದಿಯನ್ನು ಜ್ವರದಿಂದ ಕಾಯುವುದಕ್ಕೆ.

ಕೊಳಗಲ್ಲು, ಕುರುಗೋಡು, ಸಿರುಗುಪ್ಪದ ಕಡೆ ಬಿಸಿಲು ಎಷ್ಟೆಂಬುದು ನಿಮಗೆ ಹೇಳಬೇಕಾದ್ದಿಲ್ಲ. ನಳದ ನೀರು ದಿನವೂ ಬಾರದ ಓಣಿಗಳಲ್ಲಿ ಬಂದ ದಿನವೇ ಸಿಮೆಂಟ್ ತೊಟ್ಟಿ, ಡ್ರಮ್ಮು, ದನದ ಬಾನಿ ಎಲ್ಲವನ್ನೂ ತುಂಬಿಡುತ್ತೇವೆ. ಹೀಗೆ ನಿಂತ ತಿಳಿನೀರೇ ಡೆಂಗ್ಯೂ ಸೊಳ್ಳೆಗೆ ತವರುಮನೆ. ಈ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಬೇಸಿಗೆಯಲ್ಲಿ ಅದರ ಮೊಟ್ಟೆಯೊಡೆದು, ಹುಳವಾಗಿ, ರೆಕ್ಕೆ ಬಂದು ಹಾರುವುದಕ್ಕೆ ವಾರ ಹತ್ತು ದಿನ ಸಾಕು. 2006ರಲ್ಲಿ ಚಿಕೂನ್‌ಗುನ್ಯ ಕರ್ನಾಟಕದ ಹಳ್ಳಿಹಳ್ಳಿಗೂ ಹಬ್ಬಿ, ಕೈಕಾಲಿನ ಕೀಲು ಹಿಡಿದು ಜನ ನರಳಿದ್ದನ್ನು ಹಿರಿಯರು ಮರೆತಿಲ್ಲ. ಅದನ್ನು ತಂದದ್ದೂ ಇದೇ ಜಾತಿಯ ಸೊಳ್ಳೆ. ಸುಗ್ಗಿಯ ಹೊತ್ತಿನಲ್ಲಿ ದುಡಿಯುವ ಇಬ್ಬರು ಹಾಸಿಗೆ ಹಿಡಿದರೆ ಆ ವರ್ಷದ ಲೆಕ್ಕವೇ ತಲೆಕೆಳಗು.

ಹಾರುವ ಸೊಳ್ಳೆಯನ್ನು ಹಿಡಿಯುವುದು ಕಷ್ಟ. ನೀರಿನಲ್ಲಿರುವ ಹುಳವನ್ನು ಮೀನಿನ ಬಾಯಿಗೆ ಕೊಡುವುದು ಸುಲಭ. ನಮ್ಮ ರಾಜ್ಯದ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಲೇರಿಯಾ ತಡೆಗಾಗಿ ಬಾವಿಗಳಿಗೆ, ಕುಂಟೆಗಳಿಗೆ ಇಂಥ ಮೀನು ಬಿಟ್ಟು ನೋಡಿದರು. ಸೊಳ್ಳೆಯೂ ಇಳಿಯಿತು, ಮಲೇರಿಯಾವೂ ಇಳಿಯಿತು.

ಹಾಗಾದರೆ ಯಾವ ಮೀನು ಆರಿಸಬೇಕು? ನಾಲ್ಕು ಗುಣ ನೋಡಿರಿ. ಮೀನು ಚಿಕ್ಕದಿರಬೇಕು. ನೀರಿನ ಮೇಲ್ಭಾಗದಲ್ಲಿ ಮೇಯಬೇಕು, ಏಕೆಂದರೆ ಸೊಳ್ಳೆಯ ಹುಳ ಉಸಿರಿಗಾಗಿ ಮೇಲಕ್ಕೇ ಬರುತ್ತದೆ. ನಿಂತ ನೀರನ್ನೂ ನಮ್ಮ ಸೆಖೆಯನ್ನೂ ತಾಳಬೇಕು. ತೊಟ್ಟಿಯಲ್ಲೇ ತಾನಾಗಿ ಮರಿ ಮಾಡಬೇಕು.

ಈ ನಾಲ್ಕೂ ಗುಣ ಇರುವುದು ಗಪ್ಪಿ ಮೀನಿನಲ್ಲಿ. ಗಂಡು ಒಂದು ಅಂಗುಲದಷ್ಟು, ಬಾಲದ ಮೇಲೆ ಬಣ್ಣ. ಹೆಣ್ಣು ಎರಡು ಅಂಗುಲದಷ್ಟು, ಬಣ್ಣ ಕಡಿಮೆ. ಇದು ಮೊಟ್ಟೆಯಿಡುವುದಿಲ್ಲ, ತಿಂಗಳಿಗೊಮ್ಮೆ ಮರಿಯನ್ನೇ ಈಯುತ್ತದೆ. ಬೆಳೆದ ಒಂದು ಗಪ್ಪಿ ದಿನಕ್ಕೆ 80ರಿಂದ 100 ಹುಳ ತಿನ್ನಬಲ್ಲದು.

ಗ್ಯಾಂಬೂಸಿಯಾ ಎಂಬುದು ಇನ್ನೊಂದು. 1928ರಲ್ಲಿ ಹೊರದೇಶದಿಂದ ತಂದದ್ದು. ಹುಳ ತಿನ್ನುವುದರಲ್ಲಿ ಗಪ್ಪಿಗಿಂತ ಮುಂದು. ಆದರೆ ಬೇರೆ ಮೀನಿನ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ. ಆದ್ದರಿಂದ ಕೆರೆ, ಕಾಲುವೆಗೆ ನೀವಾಗಿಯೇ ಒಯ್ದು ಬಿಡಬೇಡಿರಿ.

ಅಂಗಡಿಯ ಚಿನ್ನದ ಬಣ್ಣದ ಮೀನು ನೋಟಕ್ಕೆ ಚೆಂದ. ಆದರೆ ಅದು ಗೆಂಡೆ ಮೀನಿನ ಬಳಗ. ಬೆಳೆದಂತೆ ದೊಡ್ಡದಾಗುತ್ತದೆ, ತಂಪು ನೀರು ಬೇಡುತ್ತದೆ. ನೀರು ಕಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆ. ಹೀಗಾಗಿ ಕಿರಿದು ಬಾಯಿಯ ಗಾಜಿನ ಬುಂಡೆಯಲ್ಲಿ ಅದು ಬೇಸಿಗೆ ಕಳೆಯುವುದು ಕಷ್ಟ. ಮಕ್ಕಳು ಹಟ ಹಿಡಿದರೆ ಅಗಲ ಬಾಯಿಯ ಪಾತ್ರೆಯಲ್ಲಿ ನಾಲ್ಕು ಗಪ್ಪಿಯನ್ನೇ ಬಿಟ್ಟುಕೊಡಿರಿ. ನೋಟವೂ ಆಯಿತು, ತೊಟ್ಟಿಗೆ ಮರಿಯೂ ಆಯಿತು.

ಇನ್ನು ಬಿಡುವ ಕ್ರಮ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇಲ್ಲವೇ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿರಿ. ತೊಟ್ಟಿಯ ನೀರಿನ ಮೇಲ್ಮೈ ಒಂದು ಚದರ ಮೀಟರಿಗೆ ಐದರಿಂದ ಹತ್ತು ಮೀನು ಸಾಕು. ಗಂಡು ಹೆಣ್ಣು ಎರಡೂ ಇರಲಿ. ತಂದ ಕೂಡಲೇ ಸುರಿಯಬೇಡಿರಿ. ಚೀಲವನ್ನು ಅರ್ಧ ಗಂಟೆ ತೊಟ್ಟಿಯ ನೀರಲ್ಲೇ ತೇಲಬಿಟ್ಟು, ಆಮೇಲೆ ಮೆಲ್ಲಗೆ ಬಿಡಿರಿ. ಬ್ಲೀಚಿಂಗ್ ಪುಡಿ ಹಾಕಿದ ನೀರಾದರೆ ಒಂದು ದಿನ ತೆರೆದಿಟ್ಟು ನಂತರ ಬಿಡಬೇಕು. ತೊಟ್ಟಿ ತೊಳೆಯುವಾಗ ಮೀನನ್ನು ಒಂದು ಕೊಡಕ್ಕೆ ತೆಗೆದಿಟ್ಟುಕೊಳ್ಳಿರಿ. ತೊಟ್ಟಿಯ ಗೋಡೆಯನ್ನು ಚೆನ್ನಾಗಿ ತಿಕ್ಕಿರಿ. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿ, ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ.

ಮುಖ್ಯವಾದ ಮಾತೊಂದು. ಮೆಣಸಿನಗಿಡಕ್ಕೆ, ಹತ್ತಿಗೆ, ಭತ್ತಕ್ಕೆ ಔಷಧ ಹೊಡೆದ ಪಂಪನ್ನು ಈ ತೊಟ್ಟಿಯ ಹತ್ತಿರ ತೊಳೆಯಬೇಡಿರಿ. ಔಷಧ ಬೆರೆಸಿದ ಬಕೀಟನ್ನು ಅದರಲ್ಲಿ ಅದ್ದಬೇಡಿರಿ. ತುಸು ಔಷಧ ಬಿದ್ದರೂ ಮೀನು ಸಾಯಬಹುದು. ಮೀನು ಒಮ್ಮೆಲೇ ಸತ್ತು ತೇಲಿದರೆ ಆ ನೀರನ್ನು ದನಕ್ಕೂ ಕುಡಿಸಬೇಡಿರಿ.

“ಅಲ್ರೀ, ಕುಡಿಯೋ ನೀರಾಗೂ ಮೀನು ಬಿಡಬೇಕೇನ್ರೀ?” ಅಂತ ಅವ್ವಂದಿರು ಕೇಳಬಹುದು. ಬೇಡವ್ವಾ. ಕುಡಿಯುವ ಕೊಡಕ್ಕೆ ಮುಚ್ಚಳ ಹಾಕಿರಿ, ಇಲ್ಲವೇ ಬಟ್ಟೆ ಕಟ್ಟಿರಿ. ಮೀನು ಬಳಕೆಯ ತೊಟ್ಟಿಗೆ, ದನದ ಬಾನಿಗೆ, ಹೊಲದ ಹೊಂಡಕ್ಕೆ. ಸಣ್ಣ ಡ್ರಮ್ಮು, ಒಡೆದ ಮಡಕೆ, ಹಳೆಯ ಟಯರು, ತೆಂಗಿನ ಚಿಪ್ಪು ಇವುಗಳಿಗೆ ಮೀನಿನ ಮದ್ದಿಲ್ಲ. ವಾರಕ್ಕೊಮ್ಮೆ ಬೋರಲು ಹಾಕಿ ಒಣಗಿಸಬೇಕು. ಮೀನು ಬಿಟ್ಟೆವೆಂದು ಸೊಳ್ಳೆಪರದೆಯನ್ನೂ ಬಿಡಬಾರದು.

ಒಂದೇ ಮನೆಯವರು ಮಾಡಿದರೆ ಸಾಲದು, ಪಕ್ಕದ ಮನೆಯ ತೊಟ್ಟಿಯಲ್ಲಿ ಹುಟ್ಟಿದ ಸೊಳ್ಳೆ ನಿಮ್ಮ ಕೂಸನ್ನೂ ಕಚ್ಚುತ್ತದೆ. ನಿಮ್ಮ ತೊಟ್ಟಿಯಲ್ಲಿ ಮರಿ ಹೆಚ್ಚಿದಾಗ ಒಂದು ತಂಬಿಗೆಯಷ್ಟನ್ನು ನೆರೆಯವರಿಗೂ ಕೊಡಿರಿ. ಮೊಸರಿಗೆ ಹೆಪ್ಪು ಕೊಡುವುದಿಲ್ಲವೇ, ಹಾಗೆ. ಮಳೆಗಾಲ ಹಿಡಿಯುವ ಮೊದಲೇ ಓಣಿಯ ತೊಟ್ಟಿಗಳನ್ನೆಲ್ಲ ಒಮ್ಮೆ ಸುತ್ತಿ ನೋಡಿರಿ.