ಹಿಂದುಮುಂದಾದ ಕಥೆಯ ಆಕರ್ಷಣೆ

ಕಥೆಯೆಂದರೆ ಆದಿ, ಮಧ್ಯ, ಅಂತ್ಯ ಈ ಕ್ರಮದಲ್ಲಿಯೇ ಬರತಕ್ಕದ್ದೆಂಬುದು ರೂಢಿಯ ಮಾತು. ಈ ಕ್ರಮವನ್ನು ಕದಡಿದ ಚಲಚ್ಚಿತ್ರವನ್ನು ಕಂಡೊಡನೆ, ಇದು ಪ್ರೇಕ್ಷಕನನ್ನು ಬೆಪ್ಪನನ್ನಾಗಿ ಮಾಡುವ ಹೂಟವೆಂದು ಹಲವರು ಗೊಣಗುವುದುಂಟು. ಈ ಆಕ್ಷೇಪಣೆಯ ಬೆಲೆಯೆಷ್ಟೆಂಬುದನ್ನು, ೧೯೯೮ರಲ್ಲಿ ಹೊರಬಂದ ‘ಫಾಲೋಯಿಂಗ್’ ಎಂಬ ಲಂಡನ್ ನಗರದ ಚಿತ್ರವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು.

ಕ್ರಿಸ್ಟೋಫರ್ ನೋಲನ್ ರವರ ಪ್ರಥಮ ದೀರ್ಘಚಿತ್ರವಿದು. ತಗಲಿದ ವೆಚ್ಚವು ಸುಮಾರು ೩,೦೦೦ ಪೌಂಡು. ಅವಧಿಯು ೭೦ ಮಿನಿಟು. ನಟರೂ ಸಹಾಯಕರೂ ವಾರವೆಲ್ಲ ಬೇರೆ ಉದ್ಯೋಗದಲ್ಲಿದ್ದವರು. ಆದುದರಿಂದ ಶನಿವಾರಗಳಲ್ಲಿ ಮಾತ್ರ ಕೆಲಸ ನಡೆದು, ಚಿತ್ರೀಕರಣಕ್ಕೆ ಸುಮಾರು ಒಂದು ವರ್ಷವೇ ಹಿಡಿಯಿತು. ೧೬ ಮಿಲಿಮೀಟರಿನ ಕಪ್ಪು-ಬಿಳುಪು ಫಿಲ್ಮನ್ನು ಪೋಲುಮಾಡುವಂತಿರಲಿಲ್ಲ. ನಾಟಕದವರಂತೆ ಮೊದಲೇ ತಾಲೀಮು ನಡೆಯಿಸಿ, ಒಂದೆರಡು ಸಲದಲ್ಲಿಯೇ ದೃಶ್ಯವನ್ನು ಮುಗಿಸಿದರು. ದೀಪಗಳಿಗೆ ಹಣವೆಲ್ಲಿಯದು? ಕಿಟಕಿಯ ಬೆಳಕೇ ಗತಿ. ಆದರೆ ಕೇಡಿನ ಕಥೆಗೆ ನೆರಳು ಬೇಕೇ ಬೇಕಷ್ಟೆ. ಅದನ್ನು ಬಡತನವೇ ಬಿಟ್ಟಿಯಾಗಿ ಒದಗಿಸಿತು.

ನಿರುದ್ಯೋಗಿಯಾದ ಯುವಕನೊಬ್ಬನು ಬರೆವಣಿಗೆಗೆ ಸಾಮಗ್ರಿ ದೊರೆತೀತೆಂದು ಬೀದಿಯಲ್ಲಿ ಅಪರಿಚಿತರ ಬೆನ್ನುಹತ್ತುತ್ತಾನೆ. ಹಾಗೆ ಹಿಂಬಾಲಿಸಿದವರಲ್ಲಿ ಕಾಬ್ ಎಂಬವನು ಅವನನ್ನು ಪತ್ತೆಹಚ್ಚಿ, ತಾನು ಕನ್ನಗಳ್ಳನೆಂದು ಹೇಳಿಕೊಂಡು, ತನ್ನ ಜೊತೆಗೆ ಸೇರಿಸಿಕೊಳ್ಳುತ್ತಾನೆ. ಈ ವೃತ್ತಾಂತವು ತುಂಡುತುಂಡಾಗಿ ನಮ್ಮೆದುರಿಗೆ ಬರುತ್ತದೆ. ಒಮ್ಮೆ ಯುವಕನ ಕೂದಲು ಕೆದರಿದೆ. ಮತ್ತೊಮ್ಮೆ ಕತ್ತರಿಸಿದ ತಲೆ, ಒಪ್ಪವಾದ ಉಡುಪು. ಮಗುದೊಮ್ಮೆ ಏಟುತಿಂದು ಊದಿದ ಮುಖ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಈ ಗುರುತುಗಳೇ ಪಂಚಾಂಗ. ಊದಿದ ಮುಖವನ್ನು ಕಂಡ ನಾವು, ಏಟು ಬೀಳುವ ಮುನ್ನವೇ ಹೊಡೆದವನಾರೆಂದು ಪ್ರತಿಯೊಬ್ಬನನ್ನೂ ಶಂಕಿಸತೊಡಗುತ್ತೇವೆ. ಆ ಯುವಕನಾದರೋ ಎಲ್ಲವನ್ನೂ ಕ್ರಮವಾಗಿಯೇ ಅನುಭವಿಸಿದವನು. ಒಂದರ ಹಿಂದೊಂದು ಸಹಜವಾಗಿ ನಡೆದಂತೆ ತೋರಿದುದರಿಂದಲೇ ಅವನಿಗೆ ಸಂಶಯವು ಹುಟ್ಟಲಿಲ್ಲ. ಮೋಸಹೋದವನಿಗೆ ದೊರೆತದ್ದು ನೇರವಾದ ಕಥೆ; ಕಣ್ಣು ತೆರೆಯಿಸುವುದು ಕದಡಿದ ಕಥೆ! ಹೂಟವೆಂದು ಗೊಣಗುವವರು ಇದನ್ನು ಗಮನಿಸಬೇಕು. ಮುಂದೇನಾಯಿತೆಂಬುದನ್ನು ಇಲ್ಲಿ ಹೇಳಿಬಿಡುವುದು ನೋಡದವರಿಗೆ ಮಾಡುವ ಅನ್ಯಾಯವಾದೀತು.

ಕಥೆಯ ಅಗತ್ಯವಿಲ್ಲದೆ, ಬರಿಯ ಬೆಡಗಿಗಾಗಿ ಕಾಲವನ್ನು ಕಲಸುವ ಚಿತ್ರಗಳೂ ಬೇಕಾದಷ್ಟಿವೆ. ಅವುಗಳ ಪರವಾಗಿ ನಾವು ವಾದಿಸುವುದಿಲ್ಲ.

ಈ ವಿವಾದವು ಹೊಸತೇನೂ ಅಲ್ಲ. ಸ್ಟ್ಯಾನ್ಲಿ ಕ್ಯೂಬ್ರಿಕ್ ರವರು ೧೯೫೬ರಲ್ಲಿ ಅಮೇರಿಕೆಯಲ್ಲಿ ಸುಮಾರು ೩,೨೦,೦೦೦ ಡಾಲರಿನಲ್ಲಿ ನಿರ್ಮಿಸಿದ ‘ದಿ ಕಿಲ್ಲಿಂಗ್’ ಚಿತ್ರವೂ ಕಪ್ಪು-ಬಿಳುಪಿನದೇ. ಕುದುರೆಪಂದ್ಯದ ಹಣವನ್ನು ದೋಚುವ ಸಂಚು ಅದರ ವಸ್ತು. ಒಬ್ಬೊಬ್ಬ ಸಂಚುಗಾರನ ಪಾಲಿನ ಕೆಲಸವನ್ನು ತೋರಿಸಿ, ಕಥೆಯು ಮತ್ತೆ ಮತ್ತೆ ಹಿಂದಕ್ಕೆ ಹೊರಳುತ್ತದೆ. ಇದು ಜನರಿಗೆ ರುಚಿಸದೆಂದು ಹಿತೈಷಿಗಳು ಎಚ್ಚರಿಸಲು, ಕ್ಯೂಬ್ರಿಕ್ ಮತ್ತು ನಿರ್ಮಾಪಕ ಜೇಮ್ಸ್ ಹ್ಯಾರಿಸ್ ಇಡೀ ಚಿತ್ರವನ್ನು ಕತ್ತರಿಸಿ ನೇರವಾಗಿ ಜೋಡಿಸಿ ನೋಡಿದರು. ಕುತೂಹಲವೆಲ್ಲ ಸೋರಿಹೋಗಿತ್ತು. ಪುನಃ ಬಿಚ್ಚಿ, ಮೊದಲಿದ್ದಂತೆಯೇ ಅಂಟಿಸಿ ಬಿಡುಗಡೆಗೆ ಕೊಟ್ಟರು.