ಜೀರ್ಣೋದ್ಧಾರವಾದ ಮರದ ಬೋಟು ಮಾರಾಟಕ್ಕಿದೆ

ಜಾಹೀರಾತಿನ ಮೊದಲ ಸಾಲು ಬರೆದು ಮೂರು ದಿನವಾಗಿತ್ತು. ‘1937ರ ಮರದ ಮೋಟಾರ್ ಕ್ರೂಸರ್, ಉದ್ದ 34 ಅಡಿ, ಥೇಮ್ಸ್ ನದಿಯಲ್ಲಿದೆ.’ ಮುಂದಿನ ಪದಕ್ಕೆ ಕೈ ಓಡುತ್ತಿರಲಿಲ್ಲ. ಇಂಥ ಜಾಹೀರಾತುಗಳಲ್ಲಿ ಎಲ್ಲರೂ ಬರೆಯುವ ಪದ ಅದು: ರಿಸ್ಟೋರ್ಡ್. ನಮ್ಮ ಮಾತಿನಲ್ಲಿ ಜೀರ್ಣೋದ್ಧಾರ. ಊರಿನ ಕಡೆ ದೇವಸ್ಥಾನದ ಹೊರಗೆ ‘ಜೀರ್ಣೋದ್ಧಾರಗೊಂಡಿದೆ’ ಎಂಬ ಬೋರ್ಡು ಕಂಡರೆ, ಒಳಗೆ ಹಳೆಯ ಮರದ ಕಂಬಗಳು ಉಳಿದಿವೆಯೋ, ಕಾಂಕ್ರೀಟು ಸುರಿದು ಟೈಲ್ಸ್ ಹಾಕಿದ್ದಾರೋ, ಹೊಕ್ಕು ನೋಡಿದ ಮೇಲೆಯೇ ತಿಳಿಯುವುದು. ಇಂಗ್ಲೆಂಡಿನ ಹಳೆಯ ಬೋಟುಗಳ ಕತೆಯೂ ಅದೇ.

ನಾನು ಗಂಗೊಳ್ಳಿಯವನು. ಅಜ್ಜ ದೋಣಿ ಕಟ್ಟುವ ಆಚಾರಿ. ಅಪ್ಪಯ್ಯ ಬಾಚಿ ಹಿಡಿಯದೆ ಪೋಸ್ಟಾಫೀಸು ಸೇರಿದರು. ನಾನು ಕಂಪ್ಯೂಟರ್ ಕೆಲಸ ಹಿಡಿದು ರೆಡಿಂಗ್‌ಗೆ ಬಂದೆ. ಊರು ಥೇಮ್ಸ್ ದಂಡೆಯಲ್ಲೇ ಇದೆ. ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ನಡೆಯಲು ಹೋದವನು ದಡಕ್ಕೆ ಕಟ್ಟಿದ್ದ ಈ ಬೋಟನ್ನೂ ಅದರ ಕಿಟಕಿಗೆ ಅಂಟಿಸಿದ್ದ ‘ಮಾರಾಟಕ್ಕಿದೆ’ ಚೀಟಿಯನ್ನೂ ನೋಡಿದೆ. ಹೆಂಡತಿ ನನ್ನ ಮುಖ ನೋಡಿ, ‘ಬೇಡ’ ಅಂದಳು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಮೋಟಾರ್ ಕ್ರೂಸರ್ ಅಂದರೆ ಕೋಟ್ಯಧೀಶರ ವಿಹಾರನೌಕೆ ಅಂದುಕೊಳ್ಳಬೇಡಿ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಇಲ್ಲಿನ ಡಾಕ್ಟರು, ವಕೀಲರು, ನಾಲ್ಕು ಕಾಸು ಕಂಡ ಅಂಗಡಿಕಾರರು ಶನಿವಾರ-ಭಾನುವಾರಕ್ಕೆಂದು ಕಟ್ಟಿಸಿಕೊಂಡ ತೇಲುವ ಮನೆ ಅದು. ಮುಂದೊಂದು ಮಲಗುವ ಕೋಣೆ, ಹಿಂದೊಂದು, ನಡುವೆ ಚುಕ್ಕಾಣಿಯ ಗೂಡು. ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದಷ್ಟು ಅಡುಗೆಮನೆ. ಸ್ಕಾಟ್ಲೆಂಡಿನ ರೋಸ್‌ನೀತ್‌ನಲ್ಲಿ ಸಿಲ್ವರ್ ಕಂಪನಿಗಾಗಿ ಜಾನ್ ಬೇನ್ ವಿನ್ಯಾಸ ಮಾಡಿದ ಬೋಟುಗಳಿಗೆ, ಥಾರ್ನಿಕ್ರಾಫ್ಟ್‌ನವರ ಬೋಟುಗಳಿಗೆ ಇಂದಿಗೂ ಹೆಸರಿದೆ. ಐವತ್ತು-ಅರವತ್ತರ ದಶಕದಲ್ಲಿ ಫೈಬರ್‌ಗ್ಲಾಸ್ ಬಂತು. ಒಂದು ಅಚ್ಚಿನಲ್ಲಿ ನೂರು ಬೋಟು ತೆಗೆಯಬಹುದಾದ ಮೇಲೆ ಹಲಗೆಗೆ ಹಲಗೆ ಜೋಡಿಸಿ ಕೂರುವವರು ಯಾರು?

ಈ ಬೋಟುಗಳಿಗೆ ಬೆಲೆ ಬರುವುದಕ್ಕೆ ಇನ್ನೊಂದು ಕಾರಣ ಡಂಕರ್ಕ್. 1940ರ ಮೇ 14ರಂದು ಬ್ರಿಟನ್ನಿನ ನೌಕಾಡಳಿತ ರೇಡಿಯೊದಲ್ಲಿ ಒಂದು ಪ್ರಕಟಣೆ ಕೊಟ್ಟಿತು: 30ರಿಂದ 100 ಅಡಿ ಉದ್ದದ ಸ್ವಂತ ಎಂಜಿನ್ನಿನ ವಿಹಾರದ ಬೋಟು ಇರುವವರೆಲ್ಲ ಹದಿನಾಲ್ಕು ದಿನದೊಳಗೆ ಅದರ ವಿವರ ಕಳಿಸಬೇಕು. ಆ ತಿಂಗಳ ಕೊನೆಗೆ ಫ್ರಾನ್ಸಿನ ಡಂಕರ್ಕ್ ಕಡಲತೀರದಲ್ಲಿ ಜರ್ಮನ್ ಸೇನೆಗೂ ಕಡಲಿಗೂ ನಡುವೆ ಸಿಕ್ಕಿಬಿದ್ದ ಸೈನಿಕರನ್ನು ತರಲು ಇಂಥ ನೂರಾರು ಬೋಟುಗಳು ಹೊರಟವು. ದೊಡ್ಡ ಹಡಗುಗಳು ಆಳವಿಲ್ಲದ ತೀರದ ಹತ್ತಿರ ಬರಲಾರವು. ಎದೆಮಟ್ಟದ ನೀರಿನಲ್ಲಿ ಸಾಲುಗಟ್ಟಿ ನಿಂತವರನ್ನು ಎತ್ತಿಕೊಳ್ಳಲು ಇಂಥವೇ ಬೇಕಾದವು. ಒಂಬತ್ತು ದಿನಗಳಲ್ಲಿ ಒಟ್ಟು 3,38,226 ಮಂದಿ ಪಾರಾದರು. ಅವರಲ್ಲಿ ಹೆಚ್ಚಿನವರನ್ನು ಇಂಗ್ಲೆಂಡಿಗೆ ತಂದದ್ದು ಯುದ್ಧನೌಕೆಗಳು ಮತ್ತು ದೊಡ್ಡ ಹಡಗುಗಳೇ. ಆದರೆ ಜನರ ನೆನಪಿನಲ್ಲಿ ಕೂತದ್ದು ಈ ಪುಟ್ಟ ಬೋಟುಗಳು.

ಟೈಟಾನಿಕ್ ಮುಳುಗಿದಾಗ ಬದುಕುಳಿದ ಅಧಿಕಾರಿಗಳಲ್ಲಿ ಹಿರಿಯನಾದ ಚಾರ್ಲ್ಸ್ ಲೈಟಾಲರ್ ಆಗ 66ರ ನಿವೃತ್ತ. ‘ಬೋಟು ಕೊಡುತ್ತೇನೆ, ನಡೆಸುವವನು ಮಾತ್ರ ನಾನೇ’ ಎಂದು ಹಟ ಹಿಡಿದು, ಮಗನನ್ನೂ ಒಬ್ಬ ಸ್ಕೌಟ್ ಹುಡುಗನನ್ನೂ ಕರೆದುಕೊಂಡು ತನ್ನ 58 ಅಡಿಯ ‘ಸನ್‌ಡೌನರ್’ ತೆಗೆದುಕೊಂಡು ಹೋದ. ನೂರ ಇಪ್ಪತ್ತಕ್ಕೂ ಹೆಚ್ಚು ಸೈನಿಕರನ್ನು ತುಂಬಿಕೊಂಡು ಬಂದ. 1912ರಲ್ಲಿ ಕಟ್ಟಿದ ಆ ಬೋಟು ಇನ್ನೂ ಇದೆ. ಡಂಕರ್ಕ್‌ಗೆ ಹೋಗಿ ಬಂದ ಬೋಟುಗಳದ್ದೇ ಒಂದು ಸಂಘವಿದೆ. ದಾಖಲೆ ಪರಿಶೀಲಿಸಿಯೇ ಸೇರಿಸಿಕೊಳ್ಳುತ್ತಾರೆ. ಅವುಗಳ ಮೇಲೆ ‘ಡಂಕರ್ಕ್ 1940’ ಎಂಬ ಹಿತ್ತಾಳೆಯ ಫಲಕ ನೋಡಬಹುದು.

ನನಗೆ ಬೋಟು ತೋರಿಸಿದ ದಲ್ಲಾಳಿ, ‘ಇದೂ ಹೋಗಿದ್ದಿರಬಹುದು’ ಅಂದಿದ್ದ. ಆ ‘ಬಹುದು’ ಎಷ್ಟು ಸಾವಿರ ಪೌಂಡು ತೂಗುತ್ತದೆಂದು ಆಮೇಲೆ ತಿಳಿಯಿತು. ದಾಖಲೆ ಹುಡುಕಿದೆ, ಎಲ್ಲೂ ಹೆಸರಿಲ್ಲ. ಹಾಗಾಗಿ ನನ್ನ ಜಾಹೀರಾತಿನಲ್ಲಿ ಡಂಕರ್ಕ್ ಇಲ್ಲ.

ಕೊಳ್ಳುವ ಮೊದಲು ಸರ್ವೇಯರ್ ಒಬ್ಬರನ್ನು ಕರೆಸಿದ್ದೆ. ಬೋಟನ್ನು ಪಟ್ಟಿಗಳಲ್ಲಿ ತೂಗಿ ನೀರಿನಿಂದ ಮೇಲೆತ್ತಿ ನಿಲ್ಲಿಸಿದ್ದರು. ಎಪ್ಪತ್ತು ದಾಟಿದ ಆ ಮನುಷ್ಯ ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುತ್ತಿದ್ದ ವಾರ್ನಿಷ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚಿಕ್ಕ ಸುತ್ತಿಗೆಯೊಂದನ್ನು ತೆಗೆದು, ನಾವು ಹಲಸಿನಕಾಯಿ ಬಡಿದು ನೋಡುವ ಹಾಗೆ, ಮೂತಿಯಿಂದ ಹಿಂಭಾಗದವರೆಗೆ ಹಲಗೆ ಹಲಗೆಯನ್ನೂ ಬಡಿಯುತ್ತಾ ಹೋದರು. ಟಣ್, ಟಣ್, ಟಣ್. ಹಿಂಬದಿಯ ಮೂಲೆಯಲ್ಲಿ ಒಮ್ಮೆಗೇ ‘ಬೊದ್’. ಸೀಮೆಸುಣ್ಣದಲ್ಲಿ ಅಲ್ಲೊಂದು ಗುರುತು ಹಾಕಿದರು. ಎರಡು ಗಂಟೆಯ ಹೊತ್ತಿಗೆ ಬೋಟಿನ ಮೈಮೇಲೆ ಹತ್ತೊಂಬತ್ತು ಗುರುತು. ನಾನು ಎಣಿಸಿದೆ. ಅವರು ಹೇಳಿದ್ದು ಒಂದೇ ಮಾತು: ‘ಇದನ್ನು ಜೀರ್ಣೋದ್ಧಾರ ಮಾಡಿಲ್ಲ. ಬಣ್ಣ ಹೊಡೆದಿದ್ದಾರೆ.’

ರಾತ್ರಿ ಅಪ್ಪಯ್ಯನಿಗೆ ಫೋನು ಮಾಡಿ, ಸಿಹಿನೀರಿನ ನದಿಯಲ್ಲಿದ್ದ ಬೋಟು ಹೀಗೆ ಕೊಳೆತದ್ದು ಹೇಗೆ ಅಂತ ಕೇಳಿದೆ. ಪೋಸ್ಟಾಫೀಸಿನವರಾದರೂ ಆಚಾರಿಯ ಮಗ ತಾನೆ! ‘ಉಪ್ಪ್‌ನೀರ್ ಎಂತದೂ ಮಾಡ್ತಿಲ್ಲೆ, ಮಳಿ ನೀರೇ ಮರ ತಿಂಬುದ್ ಕಾಣ್’ ಅಂದರು. ಸರ್ವೇಯರ್ ವರದಿಯಲ್ಲಿ ಇದ್ದದ್ದೂ ಅದೇ, ಎಂಟು ಪುಟದಲ್ಲಿ. ಮರವನ್ನು ಕೊಳೆಸುವುದು ಬೂಷ್ಟು. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಸದಾ ನೀರಿನಡಿ ಇರುವ ಹಲಗೆಯಲ್ಲಿ ಗಾಳಿಯಿಲ್ಲ. ಉಪ್ಪು ಹೀರಿದ ಮರ ಬೂಷ್ಟಿಗೆ ರುಚಿಸದು. ಬೋಟಿನ ಮೇಲಿನ ಅಟ್ಟದ, ಅಂದರೆ ಡೆಕ್ಕಿನ, ಸಂದಿಯಿಂದ ತೊಟ್ಟಿಕ್ಕುವ ಮಳೆನೀರು ಕೋಣೆಯ ಮೂಲೆಗಳಲ್ಲಿ ನಿಂತರೆ ಅಲ್ಲಿಂದ ಶುರು. ಹೊಳೆಯುವ ವಾರ್ನಿಷ್ ಕೆಳಗೇ ಮರ ಅವಲಕ್ಕಿಯಾಗಿರುತ್ತದೆ.

ಹಾಗಿದ್ದೂ ಕೊಂಡೆ. 16,000 ಪೌಂಡು. ಯಾಕೆ ಅಂತ ಕೇಳಿದರೆ ಇವತ್ತಿಗೂ ಸರಿಯಾದ ಉತ್ತರವಿಲ್ಲ. ನೆಲದ ಹಲಗೆ ಎತ್ತಿದಾಗ ಬಂದ ವಾಸನೆ ಅಂತ ಹೆಂಡತಿಗೆ ಹೇಳಿದೆ. ಗಂಗೊಳ್ಳಿಯಲ್ಲಿ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದರು. ಇಲ್ಲಿಯದು ಡೀಸೆಲ್, ಟಾರು, ಹಳೇ ಓಕ್. ಎರಡಕ್ಕೂ ಸಂಬಂಧವಿಲ್ಲ. ಮೂಗಿಗೆ ಅದು ತಿಳಿಯಲಿಲ್ಲ.

ಮೊದಲು ಕೆಲಸ ವಹಿಸಿದ ದುರಸ್ತಿಗಾರರು ಬೋಟಿನ ಹೊರಮೈಗೆಲ್ಲ ಫೈಬರ್‌ಗ್ಲಾಸ್ ಹೊದಿಸಿಬಿಡೋಣ, ಇಪ್ಪತ್ತು ವರ್ಷ ಚಿಂತೆಯಿಲ್ಲ ಅಂದರು. ಒದ್ದೆ ಬಟ್ಟೆಯ ಮೇಲೆ ರೇನ್‌ಕೋಟ್ ತೊಟ್ಟ ಹಾಗೆ ಅದು. ಒಳಗಿನ ತೇವ ಹೊರಗೆ ಹೋಗಲಾರದೆ ಮರ ಒಳಗೇ ಕೊಳೆಯುತ್ತದೆ. ಅವರ ಕೈಯಿಂದ ಬೋಟು ಬಿಡಿಸಿಕೊಳ್ಳುವಷ್ಟರಲ್ಲಿ ಒಂದು ಚಳಿಗಾಲವೂ ನನ್ನ ಮುಂಗಡ ಹಣವೂ ಹೋದವು. ಆಮೇಲೆ ಸಿಕ್ಕಿದ ಬಡಗಿ ಒಂಟಿಯಾಗಿ ಕೆಲಸ ಮಾಡುವವನು. ‘ಸಹಾಯಕ್ಕೆ ನೀವೇ ಬನ್ನಿ, ಅಗ್ಗವಾಗುತ್ತದೆ’ ಅಂದ.

ಈ ಬೋಟುಗಳ ಹಲಗೆಗಳು ಅಂಚಿಗೆ ಅಂಚು ತಾಗಿಕೊಂಡು ಕೂರುತ್ತವೆ. ಒಳಗೆ ಓಕ್ ಮರದ ಪಕ್ಕೆಲುಬುಗಳು. ಒಂದು ಇಂಚು ದಪ್ಪದ ಪಕ್ಕೆಲುಬನ್ನು ಒಂದು ಗಂಟೆ ಹಬೆಯ ಪೆಟ್ಟಿಗೆಯಲ್ಲಿಡಬೇಕು, ಥೇಟ್ ಕಡುಬು ಬೇಯಿಸಿದ ಹಾಗೆ. ಹೊರತೆಗೆದ ಮೇಲೆ ಬಗ್ಗಿಸಲು ಅರೆ ನಿಮಿಷವೂ ಇಲ್ಲ. ಕೈಗೆ ದಪ್ಪ ಗವುಸು ಹಾಕಿಕೊಂಡು ಓಡಬೇಕು. ಮೊದಲ ದಿನ ಮೂರು ಪಕ್ಕೆಲುಬು ಟಪ್ಪೆಂದು ಮುರಿದವು. ಆಮೇಲೆ ಹಲಗೆಯನ್ನೂ ಪಕ್ಕೆಲುಬನ್ನೂ ಕೂಡಿಸಲು ತಾಮ್ರದ ಮೊಳೆ. ಹೊರಗಿನಿಂದ ಹೊಡೆದ ಮೊಳೆಯ ತುದಿಗೆ ಒಳಗೆ ತಾಮ್ರದ ಪುಟ್ಟ ಬಿಲ್ಲೆ ತೊಡಿಸಿ, ಉಳಿದ ತುದಿ ಕತ್ತರಿಸಿ, ಸುತ್ತಿಗೆಯಿಂದ ತಟ್ಟಿ ತಟ್ಟಿ ಅಗಲ ಮಾಡಬೇಕು. ಇದು ಒಬ್ಬರ ಕೆಲಸವಲ್ಲ. ಒಳಗೆ ತಟ್ಟುವಾಗ ಹೊರಗೆ ಮೊಳೆಯ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕು. ‘ಬೇಡ’ ಅಂದಿದ್ದ ಹೆಂಡತಿಯೇ ಎರಡು ಬೇಸಿಗೆ ಹಿಡಿದಳು. ಹಲಗೆಯ ಆಚೆಯಿಂದ ಅವಳು ‘ಹ್ಞೂಂ’ ಅಂದರೆ ನಾನು ತಟ್ಟಬೇಕು. ಮುಖ ಕಾಣದೆ ಅಷ್ಟು ಹೊತ್ತು ನಾವಿಬ್ಬರು ಮಾತಾಡಿದ್ದು ಮದುವೆಗೆ ಮುಂಚೆ ಎಸ್‌ಟಿಡಿ ಬೂತಿನಲ್ಲಿ.

ಕಬ್ಬಿಣದ ಮೊಳೆ ಯಾಕಾಗದು? ಓಕ್ ಮರದಲ್ಲಿ ಚೊಗರು ಹೆಚ್ಚು. ತೇವ ಸೇರಿದರೆ ಅದು ಕಬ್ಬಿಣವನ್ನು ತಿನ್ನುತ್ತದೆ, ತುಕ್ಕು ಸುತ್ತಲಿನ ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಇಲ್ಲಿನವರು ಇದನ್ನು ಮೊಳೆಯ ಕಾಯಿಲೆ ಅನ್ನುತ್ತಾರೆ.

ಕೊನೆಗೆ ಸಂದಿಗಳಿಗೆ ಹತ್ತಿಯ ಎಳೆ ತುಂಬಿ, ಮೇಲೆ ಸೀಸದ ಕೆಂಪು ಪುಟ್ಟಿ. ಈ ಒಂದು ಕೆಲಸ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಜ್ಜನ ಪಕ್ಕದಲ್ಲಿ ಕೂತು ಹತ್ತಿ ಹೊಸೆದುಕೊಟ್ಟವನು ನಾನು. ಬಿಗಿಯಾಗಿ ತುಂಬಿದಷ್ಟೂ ಒಳ್ಳೆಯದಲ್ಲ. ನೀರಿಗಿಳಿದ ಮೇಲೆ ಹಲಗೆ ಉಬ್ಬಲು ಜಾಗ ಬೇಕು.

ಎರಡು ವರ್ಷ ಒಣಗಿ ನಿಂತ ಬೋಟನ್ನು ನೀರಿಗಿಳಿಸಿದ ರಾತ್ರಿ ಸಂದಿ ಸಂದಿಯಲ್ಲೂ ನೀರು ಒಸರುತ್ತಿತ್ತು. ಬಡಗಿ, ‘ಮರ ಕುಡಿಯಲಿ, ಮಲಗಿ’ ಎಂದು ಮನೆಗೆ ಹೋದ. ನಾನು ಎರಡು ಪಂಪು ಹಚ್ಚಿ ಚುಕ್ಕಾಣಿಯ ಗೂಡಿನಲ್ಲಿ ಕೂತೆ. ಮೊದಲ ರಾತ್ರಿ ಪಂಪು ನಿಂತದ್ದೇ ಇಲ್ಲ. ಎರಡನೆಯ ದಿನ ಗಂಟೆಗೆ ನಾಲ್ಕು ಸಲ ಓಡಿತು. ಐದನೆಯ ದಿನ ಬೆಳಿಗ್ಗೆ ಅದರ ಸದ್ದಿಲ್ಲದೆ ಎಚ್ಚರವಾಯಿತು.

ಎಂಜಿನ್ನು ಮೂಲದ್ದಲ್ಲ. ಆ ಕಾಲದ ಹಲವು ಬೋಟುಗಳಲ್ಲಿ ಪೆಟ್ರೋಲ್ ಎಂಜಿನ್ನಿತ್ತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಸೋರಿದರೆ ಬೋಟಿನ ತಳದಲ್ಲೇ ಕೂತು ಒಂದು ಕಿಡಿಗೆ ಕಾಯುತ್ತದೆ. ಹಿಂದಿನವರು ಯಾರೋ ಪರ್ಕಿನ್ಸ್ ಡೀಸೆಲ್ ಕೂರಿಸಿದ್ದಾರೆ, ಅವರಿಗೆ ಪುಣ್ಯ ಬರಲಿ. ಕಾಗದಪತ್ರದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬ್ರಿಟಿಷ್ ಕಾನೂನಿನಲ್ಲಿ ನೋಂದಾಯಿತ ಹಡಗಿನ ಒಡೆತನ ಅಂದರೆ 64 ಪಾಲು. ಅಷ್ಟೂ ನನ್ನ ಹೆಸರಿನಲ್ಲಿವೆ, ಸಾಲವಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬೇಕಾದ ಸುರಕ್ಷತಾ ಪ್ರಮಾಣಪತ್ರವೂ ಇದೆ. ಆದರೆ ಅದು ಗ್ಯಾಸು, ಇಂಧನ, ವಿದ್ಯುತ್ತಿಗೆ. ಹಲಗೆ ಗಟ್ಟಿಯಿದೆಯೇ ಎಂದು ಅದು ಹೇಳುವುದಿಲ್ಲ. ಎಷ್ಟೋ ಜನ ಅದನ್ನೇ ನಂಬಿ ಕೊಳ್ಳುತ್ತಾರೆ. ಮತ್ತೆ, ನದಿಯ ಮೇಲ್ಮುಖವಾಗಿ ಆಕ್ಸ್‌ಫರ್ಡ್ ದಾಟುತ್ತೇನೆ ಅನ್ನುವವರು ಬೇರೆ ಬೋಟು ನೋಡಿಕೊಳ್ಳಿ. ಅಲ್ಲಿನ ಓಸ್ನಿ ಸೇತುವೆಯಡಿ ಇರುವುದು ಏಳೂವರೆ ಅಡಿ ಎತ್ತರ, ನನ್ನ ಚುಕ್ಕಾಣಿಯ ಗೂಡು ಅದಕ್ಕಿಂತ ಮೇಲಿದೆ.

ಮಾರುತ್ತಿರುವುದೇಕೆಂದರೆ, ಈಗ ಮಂಡಿ ನೋವು. ಅಟ್ಟದಿಂದ ಕೆಳಕ್ಕೆ ಇಳಿಯುವ ನಾಲ್ಕು ಮೆಟ್ಟಿಲು ಎಂಟಾಗಿವೆ. ಮರದ ಬೋಟು ವರ್ಷಕ್ಕೆರಡು ತಿಂಗಳು ಕೆಲಸ ಕೇಳುತ್ತದೆ. ಒಂದು ವರ್ಷ ತಪ್ಪಿಸಿದರೆ ಮರುವರ್ಷ ಬಡ್ಡಿ ಸೇರಿಸಿ ವಸೂಲಿ.

ಕೊನೆಗೆ ನಿನ್ನೆ ರಾತ್ರಿ ಜಾಹೀರಾತಿನಲ್ಲಿ ‘ಜೀರ್ಣೋದ್ಧಾರ’ ಎಂಬ ಆ ಪದ ಬಿಟ್ಟು ಹೀಗೆ ಬರೆದು ಮುಗಿಸಿದೆ: ಪಕ್ಕೆಲುಬು 22 ಹೊಸತು, ಉಳಿದವು ಮೂಲದವು. ಹಲಗೆ 11 ಹೊಸತು. ಹಿಂಭಾಗ ಪೂರ್ತಿ ಹೊಸತು. ಮುಂದಿನ ಕೋಣೆಯ ಎಡಮೂಲೆ ಜೋರು ಮಳೆಗೆ ಈಗಲೂ ಸೋರುತ್ತದೆ. ಕೆಲಸದ 340 ಫೋಟೊಗಳಿವೆ. 28,000 ಪೌಂಡು.

ಇವತ್ತು ಮಧ್ಯಾಹ್ನ ಇಬ್ಬರು ಬಂದಿದ್ದರು. ಮೊದಲಿನವರು ಒಂದು ಸೆಲ್ಫಿ ತೆಗೆದುಕೊಂಡು, ಬೆಲೆ ಕೇಳಿ ಹೋದರು. ಎರಡನೆಯವಳು ಮೂವತ್ತರ ಆಸುಪಾಸಿನ ಹುಡುಗಿ, ಮಂಡಿಯಲ್ಲಿ ತೇಪೆ ಹಾಕಿದ ಪ್ಯಾಂಟು, ಕೈಯಲ್ಲಿ ಟಾರ್ಚು. ‘ನೆಲದ ಹಲಗೆ ಎತ್ತಬಹುದಾ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೆಳಗಿಳಿದಳು. ನಾನು ಸ್ಟವ್ ಹಚ್ಚಿ ಕಾಫಿಗೆ ನೀರಿಟ್ಟೆ. ಹೊತ್ತಾಗುತ್ತದೆಂದು ಗೊತ್ತಿತ್ತು.