ಬಂಡಿ ಮರೆಯಾಯಿತು, ಬುತ್ತಿ ಉಳಿಯಿತು: ಬದಲಾಗುತ್ತಿರುವ ಎಳ್ಳಮಾವಾಸ್ಯೆ

ಚಿಕ್ಕೋಡಿ: ನಗರವಾಸಿಗಳಿಗೆ ವರ್ಷದ ಕೊನೆಯೆಂದರೆ ಡಿಸೆಂಬರ್ 31ರ ರಾತ್ರಿ. ಬೆಳಗಾವಿ ಜಿಲ್ಲೆಯ ಗಡಿಭಾಗದ ಒಕ್ಕಲು ಮನೆತನಗಳಿಗೆ ಅದೇ ಚಳಿಗಾಲದಲ್ಲಿ ಬರುವ ಎಳ್ಳಮಾವಾಸ್ಯೆಯೇ ಬಂಧು ಬಳಗ ಕೂಡುವ ದಿನ. ಹಬ್ಬ ಉಳಿದಿದೆ, ಅದನ್ನು ಆಚರಿಸುವ ಬಗೆ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿದೆ.

ಮಾರ್ಗಶಿರ ಮಾಸದ ಈ ಅಮಾವಾಸ್ಯೆ ಹಿಂಗಾರಿ ಜೋಳ ಹೊಡೆ ಹಿರಿದು ಕಾಳು ಕಟ್ಟುವ ಹೊತ್ತಿಗೆ ಬರುತ್ತದೆ. ಭೂಮಿತಾಯಿಯನ್ನು ಬಸುರಿಯೆಂದು ಭಾವಿಸಿ, ಆಕೆಯ ಬಯಕೆಯ ಊಟವನ್ನು ಹೊಲಕ್ಕೇ ಒಯ್ಯುವುದು ಪದ್ಧತಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಕರಿಗಡಬು, ಮೊಸರನ್ನ ಬುತ್ತಿಯಲ್ಲಿರುತ್ತವೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ನೈವೇದ್ಯವನ್ನು ಹೊಲದ ತುಂಬ ಎರಚುವುದೇ ‘ಚರಗ ಚೆಲ್ಲುವುದು’. ಹಕ್ಕಿ, ಹುಳುಗಳಿಗೂ ಅದರಲ್ಲಿ ಪಾಲುಂಟು.

ಜೋಳದ ಜಾಗಕ್ಕೆ ಕಬ್ಬು

ಮೊದಲ ಬದಲಾವಣೆ ಬೆಳೆಯದು. ಈಗ ಕಾಗವಾಡ ತಾಲೂಕಿನಲ್ಲಿರುವ ಉಗಾರದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ಕೃಷ್ಣೆಯ ನೀರು ಹರಿದತ್ತ ಕಬ್ಬು ಹಬ್ಬಿತು. ಅಥಣಿ ತಾಲೂಕಿನ ಪೂರ್ವದ ಒಣಭೂಮಿಯಲ್ಲಿ ಜೋಳದ ಸಾಲುಗಳ ನಡುವೆ ನಡೆದು ಚರಗ ಚೆಲ್ಲಬಹುದು; ಆಳೆತ್ತರದ ಕಬ್ಬಿನೊಳಗೆ ಅದು ಸಾಧ್ಯವಿಲ್ಲ. ಅಲ್ಲಿ ಬದುವಿನ ಸುತ್ತ ಚೆಲ್ಲಿದರೆ ಶಾಸ್ತ್ರ ಮುಗಿಯಿತು. ಡಿಸೆಂಬರ್ ಕಬ್ಬು ನುರಿಸುವ ಹಂಗಾಮವೂ ಹೌದು. ಕಡಿಯುವ ಗ್ಯಾಂಗಿನ ಪಾಳಿ ಅಂದೇ ಬಂದರೆ ಹಬ್ಬಕ್ಕಾಗಿ ಅದನ್ನು ಮುಂದೂಡುವುದು ಕಷ್ಟ. ಸಿಂಗರಿಸಿದ ಎತ್ತಿನ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್, ಬೈಕ್ ಬಂದಿವೆ.

ತಿಥಿ ಮತ್ತು ರಜೆ

ಎರಡನೆಯದು ರಜೆಯ ಲೆಕ್ಕ. ಅಧಿಕ ಶ್ರಾವಣ ಬಂದುದರಿಂದ 2023ರ ಕ್ಯಾಲೆಂಡರಿನಲ್ಲಿ ಎಳ್ಳಮಾವಾಸ್ಯೆಯೇ ಇರಲಿಲ್ಲ. 2024ರಲ್ಲಿ ಜನವರಿ 11 ಹಾಗೂ ಡಿಸೆಂಬರ್ 30, ಹೀಗೆ ಎರಡು ಬಾರಿ ಬಂತು. ಒಂದು ಗುರುವಾರ, ಇನ್ನೊಂದು ಸೋಮವಾರ. ಪುಣೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಕ್ಕಳಿಗೆ ತಿಥಿಯಂತೆ ರಜೆ ಸಿಗದು. ಹೀಗಾಗಿ ಹಬ್ಬವೇ ಎರಡಾಗಿ ಒಡೆಯುತ್ತದೆ: ಹಿರಿಯರು ಅಮಾವಾಸ್ಯೆಯಂದೇ ಚರಗ ಚೆಲ್ಲುತ್ತಾರೆ, ಎಲ್ಲರೂ ಕೂಡಿ ಉಣ್ಣುವುದು ಭಾನುವಾರಕ್ಕೆ ಹೋಗುತ್ತದೆ.

ಅಡುಗೆಮನೆಯಲ್ಲೂ ಹೊರೆ ಇಳಿದಿದೆ. ನಸುಕಿನಲ್ಲೆದ್ದು ಬುಟ್ಟಿಗಟ್ಟಲೆ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಕ್ಕಳಿಗೆ ಈಗ ಪೇಟೆಯ ಸಿದ್ಧ ರೊಟ್ಟಿಯ ಆಸರೆಯಿದೆ. ಇದನ್ನು ನಷ್ಟವೆಂದು ಕೊರಗಬೇಕಾಗಿಲ್ಲ.

ಉಳಿಯಬೇಕಾದದ್ದೇನು?

ನಿಜವಾದ ನಷ್ಟದ ಭಯ ಬೇರೆಡೆ ಇದೆ. ಅಣ್ಣ ತಮ್ಮಂದಿರ ಪಾಲಾದ ಮೇಲೆ ಹೊಲ ತುಂಡಾಗುತ್ತದೆ. ಬನ್ನಿ ಗಿಡ ಒಬ್ಬರ ಪಾಲಿಗೆ ಬೀಳುತ್ತದೆ. ಆ ಒಂದು ದಿನವಾದರೂ ಎಲ್ಲ ಬುತ್ತಿಗಳೂ ಅದರ ಕೆಳಗೇ ಬಿಚ್ಚಿಕೊಂಡರೆ ಬಳಗ ಉಳಿದಂತೆ. ಪಟ್ಟಣದಲ್ಲಿ ಬೆಳೆದ ಮಕ್ಕಳು ತಮ್ಮ ಹೊಲದ ನಾಲ್ಕೂ ದಿಕ್ಕಿನ ಬದು ತುಳಿಯುವುದು ಚರಗ ಚೆಲ್ಲುವಾಗ ಮಾತ್ರ. ದಿನ ಬದಲಾದರೂ ಆ ಸುತ್ತು ನಿಲ್ಲದಿದ್ದರೆ, ಹೊಲ ಅವರ ಪಾಲಿಗೆ ಬರೀ ಪಹಣಿಯಲ್ಲಿನ ಸರ್ವೆ ನಂಬರ್ ಆಗದು.